ಶುದ್ಧೀಕರಣಾಧಿಕಾರಿ

ನಮ್ಮೂರಿನ ನೀರಿನ ಟ್ಯಾಂಕಿನ ಒಂದು ಕಂಬ ಬಿರುಕು ಬಿಟ್ಟಾಗ, ರಿಪೇರಿಯವರು ಬರುವ ತನಕ ಆ ಕಂಬದ ಜಾಗದಲ್ಲಿ ನಿಂತವನು ನಾನು. ಟ್ಯಾಂಕು ತುಂಬಿತ್ತು. ಭಾರವೆಲ್ಲ ಎಡ ಹೆಗಲ ಮೇಲೆ. ಬಲಗೈ ಸುಮ್ಮನೆ ಖಾಲಿ ಇತ್ತಲ್ಲ ಎಂದು ಆ ಕೈಯಲ್ಲಿ ಟೀ ಕುಡಿದೆ. ರಿಪೇರಿಯವರು ಬಂದು ಸ್ವಲ್ಪ ಪಕ್ಕಕ್ಕೆ ಸರೀರಿ ಎಂದಾಗ ಸರಿದೆ, ಟ್ಯಾಂಕೂ ನನ್ನ ಜೊತೆಗೇ ಸರಿಯಿತು. ಇಂದಿಗೂ ಅದು ಒಂದು ಗೇಣು ಪೂರ್ವಕ್ಕಿದೆ. ನಂಬದವರು ಬಂದು ಅಳೆಯಬಹುದು.

ಇಷ್ಟು ಹೇಳಿದ ಮೇಲೆ ನಾನು ಯಾರೆಂದು ಬೇರೆ ಹೇಳಬೇಕಾಗಿಲ್ಲ. ಆದರೂ ಹೇಳುತ್ತೇನೆ, ಹೇಳುವುದೆಂದರೆ ನನಗೆ ಇಷ್ಟ. ನಾನು ನಗರಸಭೆಯ ನೀರುಗಂಟಿ. ಯಾವ ಬೀದಿಗೆ ಯಾವ ಹೊತ್ತಿಗೆ ನೀರು ಹೋಗಬೇಕೋ ಆ ವಾಲ್ವು ತಿರುಗಿಸುವವನು. ಊರಿನವರು ನನ್ನನ್ನು ಬುರುಡೆ ಎಂದು ಕರೆಯುತ್ತಾರೆ. ಇವನು ನೀರು ಬಿಡುವುದಕ್ಕಿಂತ ಬುರುಡೆ ಬಿಡುವುದೇ ಜಾಸ್ತಿ ಎಂದು ಅವರ ದೂರು. ಹೊಟ್ಟೆಕಿಚ್ಚಿನ ಜನ.

ಆದರೆ ಈ ಕಥೆಯನ್ನು ಬುರುಡೆ ಎಂದು ತಳ್ಳಿಹಾಕಬೇಡಿ. ಒಂದು ಊರು ತನ್ನ ಸರ್ಕಾರಿ ಕೆಲಸವನ್ನು ದೇವರ ತಲೆಗೆ ಕಟ್ಟಿದರೆ ಏನಾಗುತ್ತದೆ ಎನ್ನುವುದನ್ನು ನಮ್ಮ ಮನೆಯೊಳಗೇ ನೋಡಿದವನು ನಾನು. ನಿಮ್ಮ ಊರಿನಲ್ಲಿ ಇಂಥದ್ದು ಶುರುವಾಗಿದ್ದರೆ ಇದನ್ನು ಓದಿಯಾದರೂ ಎಚ್ಚರವಾಗಿ. ನಗರಸಭೆಗೇ ನೀರು ಕುಡಿಸಿದ ಕಥೆ ಇದು.

ನಮ್ಮ ಮನೆಯಲ್ಲಿ ಗಂಡಸು ಅಂತ ನಾನೊಬ್ಬನೇ. ಮಾತಿನಲ್ಲಿ ಮಾತ್ರ ಕೊನೆಯ ಸರದಿ ನನ್ನದು. ಹೆಂಡತಿ ಶಾಲೆಯ ಟೀಚರ್. ಅವಳು ಹುಬ್ಬೇರಿಸಿದರೆ ಪಕ್ಕದ ಬೀದಿಯ ಮಕ್ಕಳೂ ಕೈಕಟ್ಟಿ ಕೂರುತ್ತಾರೆ. ಅತ್ತೆಯವರು ಪ್ರಾರ್ಥನಾಲಯದ ಹೆಂಗಸರ ಸಾಲಿನಲ್ಲಿ ಮೊದಲಿಗರು. ಅವರು ಕಣ್ಣುಮುಚ್ಚಿ ಕುಳಿತರೆ ಗೋಡೆಯ ಮೇಲಿನ ಹಲ್ಲಿಯೂ ಲೊಚಗುಟ್ಟುವುದನ್ನು ನಿಲ್ಲಿಸುತ್ತದೆ. ಇನ್ನು ಹೆಂಡತಿಯ ತಂಗಿ, ನನ್ನ ನಾದಿನಿ. ಅವಳ ಗಂಡ ದೂರದೂರದ ಊರುಗಳಿಗೆ ಲಾರಿ ಓಡಿಸುತ್ತಾನೆ. ಬಂದರೆ ನೆಂಟ, ಹೋದರೆ ದಾರಿಹೋಕ. ಅವಳು ನಮ್ಮ ನಡುಮನೆಯ ಕಿಟಕಿಯ ಬಳಿ ಹೊಲಿಗೆ ಯಂತ್ರ ಇಟ್ಟುಕೊಂಡು ಬೀದಿಯವರ ಬಟ್ಟೆ ಹೊಲಿಯುತ್ತಿದ್ದಳು. ಯಂತ್ರಕ್ಕಿಂತ ಅವಳ ನಾಲಿಗೆ ಚುರುಕು. ನಾನು ಒಂದು ಮಾತಿಗೆ ಬಣ್ಣ ಹಚ್ಚಿದರೆ, 'ಭಾವ, ಸ್ವಲ್ಪ ಬಿಗಿ ಮಾಡ್ಲಾ, ತುಂಬಾ ದೊಗಳೆ ಆಯ್ತು' ಎಂದು ಕತ್ತರಿ ತೋರಿಸುತ್ತಿದ್ದಳು.

ಅವಳು ಆಗ ಬಸುರಿ. ಬೀದಿಯವರ ಬಟ್ಟೆಗಳ ನಡುವೆ ಅಂಗೈಯಗಲದ ಅಂಗಿಗಳೂ ಹೊಲಿಗೆಗೆ ಬರತೊಡಗಿದ್ದವು. ಮೊದಲ ಮೊಮ್ಮಗು ಎಂದು ಅತ್ತೆಯವರಿಗೆ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ.

ಈಗ ಪುಡಿಯಜ್ಜನ ವಿಷಯಕ್ಕೆ ಬರಬೇಕು. ಹೊಳೆಯ ನೀರು ಮರಳಿನ ತೊಟ್ಟಿಗಳಲ್ಲಿ ಸೋಸಿ ಬಂದ ಮೇಲೆ, ಟ್ಯಾಂಕು ಸೇರುವ ಮುಂಚೆ ಅದಕ್ಕೆ ಬ್ಲೀಚಿಂಗ್ ಪುಡಿ ಕಲಸಬೇಕು. ರೋಗದ ಕ್ರಿಮಿಗಳು ಸಾಯುವುದು ಅದರಿಂದ. ಬಹಳ ವರ್ಷ ಆ ಕೆಲಸ ಮಾಡಿದವನು ಪುಡಿಯಜ್ಜ. ಕೆಲಸ ಇಷ್ಟೇ. ಆದರೆ ನಗರಸಭೆಯಲ್ಲಿ ಕೆಲಸ ಚಿಕ್ಕದಾದಷ್ಟೂ ಹೆಸರು ಉದ್ದ. ಬಾಗಿಲು ತೆಗೆಯುವವನು 'ಪ್ರವೇಶ ನಿರ್ವಾಹಕ', ಪುಡಿ ಕಲಸುವವನು 'ಶುದ್ಧೀಕರಣಾಧಿಕಾರಿ'. ಅಜ್ಜನಿಗೆ ತನ್ನ ಹುದ್ದೆಯ ಹೆಸರನ್ನು ಒಂದೇ ಉಸಿರಿಗೆ ಹೇಳಲು ಕೊನೆಯವರೆಗೂ ಬರಲಿಲ್ಲ.

ಅಜ್ಜ ನಿವೃತ್ತನಾದ. ಅದೇ ಸಮಯಕ್ಕೆ ಚುನಾವಣೆ ಹತ್ತಿರ ಬಂತು. ನಮ್ಮ ನಗರಸಭೆಯ ಅಧ್ಯಕ್ಷರು ಸಿಮೆಂಟ್ ಅಂಗಡಿಯ ಯಜಮಾನರು. ಯಾವುದನ್ನು ಯಾವುದಕ್ಕೆ ಅಂಟಿಸಿದರೆ ಗಟ್ಟಿಯಾಗಿ ನಿಲ್ಲುತ್ತದೆ ಎನ್ನುವುದು ಅವರಿಗೆ ಚೆನ್ನಾಗಿ ಗೊತ್ತು. ಖಾಲಿ ಹುದ್ದೆಗಳ ಪಟ್ಟಿ ಓದುವಾಗ ಈ ಹೆಸರು ಬಂದದ್ದೇ ತಡ, ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರಂತೆ.

"ಶುದ್ಧೀಕರಣ ಅಂದ್ರೆ ಏನು? ಶುದ್ಧ ಮಾಡೋದು. ಈ ಊರಲ್ಲಿ ನಮ್ಮ ಗುರುಗಳಿಗಿಂತ ಚೆನ್ನಾಗಿ ಶುದ್ಧ ಮಾಡೋರು ಇನ್ಯಾರಿದ್ದಾರೆ ಹೇಳಿ."

ಹೇಳುವವರು ಯಾರು? ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆ ತಟ್ಟದ ಕೈ ಯಾರದೆಂದು ಅಕ್ಕಪಕ್ಕದವರು ನೋಡುತ್ತಿರುವಾಗ ತಟ್ಟದೆ ಇರುವುದು ಹೇಗೆ? ಇಂಜಿನಿಯರ್ ಸಾಹೇಬರು ಒಮ್ಮೆ ಕೆಮ್ಮಿದರು. ಅವರ ಕಡೆಯಿಂದ ಬಂದ ವಿರೋಧ ಅಷ್ಟೇ.

ಹೀಗೆ ಪ್ರಾರ್ಥನಾಲಯದ ಗುರುಗಳು ಕೊರಳಿಗೆ ನಗರಸಭೆಯ ಗುರುತಿನ ಚೀಟಿ ಹಾಕಿಕೊಂಡು ಪಂಪ್‌ಹೌಸಿಗೆ ಬಂದರು. ವಯಸ್ಸಾದವರು, ಉಬ್ಬಸದವರು, ಒಳ್ಳೆಯವರು. ಟ್ಯಾಂಕಿನ ಏಣಿ ಹತ್ತಿ ಆಶೀರ್ವಾದ ಮಾಡಬೇಕೆಂದು ಠರಾವಾಗಿತ್ತು. ಮೊದಲ ದಿನ ಅವರು ಅರ್ಧ ಹತ್ತಿ, ಅಲ್ಲಿಂದಲೇ ಮೇಲೆ ನೋಡಿ, ಅಲ್ಲಿಂದಲೇ ಕೈ ಎತ್ತಿದರು. ಅರ್ಧ ಟ್ಯಾಂಕು ಶುದ್ಧವಾಯಿತು ಎಂದು ನಾನು ಯಾರಿಗೋ ಹೇಳಿದೆ. ಅತ್ತೆಯವರ ಕಿವಿಗೆ ಬಿತ್ತು. ಎರಡು ದಿನ ಸಾರಿಗೆ ಉಪ್ಪಿರಲಿಲ್ಲ.

ಪುಡಿಯನ್ನು ಯಾರೂ ನಿಷೇಧಿಸಲಿಲ್ಲ, ಗಮನಿಸಿ. ಅದು ತಾನಾಗಿಯೇ ನಿಂತಿತು. ಪುಡಿ ಹಾಕುವ ಹುದ್ದೆಯಲ್ಲಿ ಈಗ ಗುರುಗಳಿದ್ದರು. ಗುರುಗಳ ಕೈಗೆ ಪುಡಿಯ ಬಕೆಟ್ ಕೊಡಲು ಯಾರಿಗೂ ಧೈರ್ಯವಿರಲಿಲ್ಲ. ಬೇರೆಯವರು ಹಾಕೋಣವೆಂದರೆ ಅದಕ್ಕೆ ಹುದ್ದೆಯಿಲ್ಲ. ಗುರುಗಳೇ ಒಂದು ದಿನ ನನ್ನನ್ನು ಪಕ್ಕಕ್ಕೆ ಕರೆದು, ನಾನು ಬರೋ ಮುಂಚೆ ಇಲ್ಲಿ ಏನು ಹಾಕ್ತಿದ್ರಿ ಎಂದು ಕೇಳಿದರು. ಪುಡಿ ಎಂದೆ. ಈಗಲೂ ಹಾಕ್ತಿದ್ದೀರಿ ತಾನೆ ಎಂದರು. ಇಲ್ಲವೆಂದೆ. ಅವರ ಮುಖ ಸಣ್ಣದಾಯಿತು. ಅಂದೇ ಅಧ್ಯಕ್ಷರ ಬಳಿ ಹೋದರು. ಹೋದ ಕಾಲಲ್ಲೇ ತಿರುಗಿ ಬಂದರು.

ಅಧ್ಯಕ್ಷರು ಹೇಳಿದ್ದು ಇದು: ಒಮ್ಮೆ ಶುದ್ಧವಾದ ನೀರನ್ನು ಇನ್ನೊಮ್ಮೆ ಶುದ್ಧ ಮಾಡಿದರೆ, ಮೊದಲನೆಯದು ಸಾಲಲಿಲ್ಲ ಎಂದು ನಾವೇ ಒಪ್ಪಿಕೊಂಡ ಹಾಗಲ್ಲವೇ? ಅವಮಾನ ಯಾರಿಗೆ? ನಿಮಗೇ ಅಲ್ಲವೇ ಗುರುಗಳೇ?

ಹೊಳೆಯಾಚೆ ಒಂದು ಬಡಾವಣೆಯಿದೆ. ಅವರು ನಡೆದುಕೊಳ್ಳುವ ದೇವರು ಬೇರೆ, ಪ್ರಾರ್ಥನೆ ಬೇರೆ. ಕುಡಿಯುವ ನೀರು ಮಾತ್ರ ಅದೇ ಪೈಪಿನದು. ಅವರ ಹಿರಿಯರು ನಾಲ್ಕು ಜನ ಅಧ್ಯಕ್ಷರ ಬಳಿ ಬಂದು, ನಮ್ಮದೂ ಬೇಡ, ನಿಮ್ಮದೂ ಬೇಡ, ನೀರಿಗೆ ಪುಡಿ ಹಾಕಿ ಸಾಕು ಎಂದು ಕೈಮುಗಿದು ಕೇಳಿದರು. ಬೇಡವಾದವರು ನಲ್ಲಿ ತಿರುಗಿಸಬೇಡಿ ಎಂಬ ಉತ್ತರ ಬಂತು. ಆ ಹಿರಿಯರಲ್ಲಿ ಒಬ್ಬರು ನನ್ನ ಹಳೆಯ ಪರಿಚಯ, ಸೈಕಲ್ ಅಂಗಡಿಯವರು. ಹೊರಗೆ ಬಂದು ನನ್ನ ಬೆನ್ನು ತಟ್ಟಿ, 'ಬುರುಡೆ, ಇಷ್ಟು ದಿನ ನೀನು ಒಬ್ಬನೇ ಇದ್ದೆ, ಈಗ ನಿನಗೆ ಮೇಲಧಿಕಾರಿಗಳು ಸಿಕ್ಕಿದ್ರಪ್ಪ' ಎಂದು ಹೋದರು.

ನನ್ನ ಮಟ್ಟಿಗೆ ಹೇಳುವುದಾದರೆ, ಅವು ನನ್ನ ನೌಕರಿಯಲ್ಲೇ ಸುಖದ ದಿನಗಳು. ನೀರುಗಂಟಿಯೆಂದರೆ ಊರಿನ ಬೈಗುಳಕ್ಕೆಲ್ಲ ಒಂದೇ ತೊಟ್ಟಿ. ನೀರು ಕೆಂಪಗೆ ಬಂದರೆ ನನಗೆ ಬೈಗುಳ, ವಾಸನೆ ಬಂದರೆ ನನ್ನ ಅಪ್ಪನಿಗೆ, ಬರದೇ ಹೋದರೆ ನನ್ನ ಮುತ್ತಾತನಿಗೆ. ಗುರುಗಳು ಬಂದ ಮೇಲೆ ಎಲ್ಲ ನಿಂತುಹೋಯಿತು. ಚರಂಡಿಯ ಪಕ್ಕದ ಪೈಪಿಗೆ ತೂತು ಬಿದ್ದು ನೀರು ಮಣ್ಣುಬಣ್ಣಕ್ಕೆ ತಿರುಗಿದರೂ ಯಾರೊಬ್ಬರೂ ಉಸಿರೆತ್ತಲಿಲ್ಲ. ನೀರು ಸರಿಯಿಲ್ಲ ಎಂದರೆ ಆಶೀರ್ವಾದ ಸರಿಯಿಲ್ಲ ಎಂದ ಹಾಗೆ. ಆಶೀರ್ವಾದ ಸರಿಯಿಲ್ಲ ಎಂದವನು ನಾಳೆ ಪ್ರಾರ್ಥನೆಯ ಸಾಲಿನಲ್ಲಿ ಯಾರ ಪಕ್ಕ ಕೂರುವುದು? ಆ ಪೈಪಿನ ತೂತಿನ ಬಗ್ಗೆ ನಾನೇ ಕಚೇರಿಯಲ್ಲಿ ಹೇಳಿದಾಗ, ನಿಂಗೇನೋ ಬಂತು, ಜನವೇ ಸುಮ್ಮನಿದ್ದಾರಲ್ಲ ಎಂದರು. ನಾನೂ ಸುಮ್ಮನಾದೆ. ಮಹಾರಾಜನ ಹಾಗೆ ವಾಲ್ವಿನ ಚಾವಿ ಹೆಗಲ ಮೇಲಿಟ್ಟುಕೊಂಡು ಬೀದಿ ಬೀದಿ ಸುತ್ತಿದೆ.

ಮನೆಯಲ್ಲಿ ಮಾತ್ರ ದಿನವೂ ಜಗಳ. ನನ್ನ ಹೆಂಡತಿಗೆ ಮೊದಲ ಅನುಮಾನ ಬಂದದ್ದು ಶಾಲೆಯಲ್ಲಿ. ತರಗತಿಯ ಬೆಂಚುಗಳು ಖಾಲಿಯಾಗುತ್ತ ಬಂದವು. ಬಂದ ಮಕ್ಕಳೂ ಹೊಟ್ಟೆ ಹಿಡಿದುಕೊಂಡು ಕೂರುತ್ತಿದ್ದರು. ಅವಳು ಮನೆಗೆ ಬಂದವಳೇ ದೊಡ್ಡ ಪಾತ್ರೆಯನ್ನು ಒಲೆಯ ಮೇಲಿಟ್ಟು ಕುಡಿಯುವ ನೀರು ಕುದಿಸಲು ಶುರುಮಾಡಿದಳು. ಅತ್ತೆಯವರು ಒಲೆ ಆರಿಸಿದರು.

"ಆಶೀರ್ವಾದ ಮಾಡಿದ ನೀರನ್ನ ಕುದಿಸ್ತೀಯಾ? ಗುರುಗಳನ್ನೇ ಒಲೆ ಮೇಲೆ ಕೂರಿಸಿದ ಹಾಗೆ."

"ಅಮ್ಮ, ಗುರುಗಳ ಮೇಲೆ ನಂಗೇನೂ ಕೋಪ ಇಲ್ಲ. ನಿನ್ನ ಪ್ರಾರ್ಥನೆಗೆ ನಾನು ಎಂದಾದ್ರೂ ಅಡ್ಡ ಬಂದಿದ್ದೀನಾ? ಆದ್ರೆ ಪ್ರಾರ್ಥನೆ ಮನಸ್ಸಿಗೆ. ನೀರಿನೊಳಗಿನ ಕ್ರಿಮಿಗೆ ಪ್ರಾರ್ಥನೆ ಕೇಳ್ಸುತ್ತಾ? ಅದಕ್ಕೆ ಕಿವಿ ಎಲ್ಲಿದೆ?"

"ನಿನಗೆ ಕಿವಿ ಇದೆಯಲ್ಲ, ನೀನೇ ಕೇಳಲ್ಲ. ಅದು ಕೇಳುತ್ತೆ ಬಿಡು."

ಮಾತಿನಲ್ಲಿ ನನ್ನ ಹೆಂಡತಿ ಸೋತಳು. ಅವಳು ತರ್ಕ ಬಿಡಲಿಲ್ಲ, ಅವರು ಹಟ ಬಿಡಲಿಲ್ಲ. ನಗರಸಭೆಯ ನೀರು ನಮ್ಮ ತೆರಿಗೆಯ ನೀರು, ಅದನ್ನು ನೋಡಿಕೊಳ್ಳಬೇಕಾದವರು ನಾವು ಪ್ರಶ್ನೆ ಕೇಳಬಹುದಾದ ಜನ ಎಂದು ಇವಳು. ಗುರುಗಳನ್ನು ಪ್ರಶ್ನೆ ಕೇಳುವ ಮಟ್ಟಕ್ಕೆ ನನ್ನ ಮಗಳು ಬಂದಳಲ್ಲ ಎಂದು ಅವರು. ಎತ್ತು ಏರಿಗೆ, ಕೋಣ ನೀರಿಗೆ. ಕೊನೆಗೆ ಒಂದು ಒಪ್ಪಂದವಾಯಿತು. ಹೆಂಡತಿ ತನ್ನ ನೀರನ್ನು ತಾನು ಕುದಿಸಿಕೊಳ್ಳುವುದು, ಅತ್ತೆಯವರು ತಮ್ಮದನ್ನು ಹಾಗೆಯೇ ಕುಡಿಯುವುದು. ನಾನು ಎರಡೂ ಕುಡಿಯುತ್ತಿದ್ದೆ. ನನಗೆ ಕ್ರಿಮಿಗಳು ಹೆದರುತ್ತವೆ.

ನಾದಿನಿಯ ನೀರಿನ ವಿಷಯ ಒಪ್ಪಂದದಲ್ಲಿ ಬರಲಿಲ್ಲ. ಹೊಟ್ಟೆಯಲ್ಲಿ ಮಗು ಇರುವವಳು ಆಶೀರ್ವಾದದ ನೀರನ್ನೇ ಕುಡಿಯಬೇಕೆಂದು ಅತ್ತೆಯವರು ಬೆಳಿಗ್ಗೆ ನಲ್ಲಿಯಲ್ಲಿ ಬಂದ ಮೊದಲ ನೀರನ್ನು ಲೋಟದಲ್ಲಿ ಹಿಡಿದು, ಸೆರಗು ಮುಚ್ಚಿಕೊಂಡು ತಂದು, ತಾವೇ ನಿಂತು ಕುಡಿಸುತ್ತಿದ್ದರು. ಅವಳು ಅಕ್ಕನ ಕಡೆ ನೋಡುತ್ತಿದ್ದಳು, ಅಮ್ಮನ ಕಡೆ ನೋಡುತ್ತಿದ್ದಳು, ಕುಡಿಯುತ್ತಿದ್ದಳು. ಅಮ್ಮ ಕೊಟ್ಟದ್ದನ್ನು ಬೇಡವೆನ್ನುವುದು ಹೇಗೆ? ನೀರು ಕುಡಿದಷ್ಟು ಸುಲಭ ಎನ್ನುತ್ತಾರಲ್ಲ, ಅದಕ್ಕಿಂತ ಸುಲಭವಾದದ್ದು ಇನ್ನೇನಿದೆ?

ಮೊದಲು ಊಟ ಸೇರದಾಯಿತು. ಬಸುರಿಗೆ ಇದೆಲ್ಲ ಇದ್ದದ್ದೇ ಎಂದರು. ಆಮೇಲೆ ಜ್ವರ. ಒಂದು ಬೆಳಿಗ್ಗೆ ಅವಳು ಸೂಜಿಗೆ ದಾರ ಪೋಣಿಸಲಾರದೆ ನನ್ನನ್ನು ಕರೆದಳು. ಬೆಳಕಿಗೆ ಮುಖ ತಿರುಗಿಸಿದಾಗ ಕಣ್ಣಿನ ಬಿಳಿಯೆಲ್ಲ ಹಳದಿಯಾಗಿತ್ತು. ಹಳದಿ ಬಟ್ಟೆ ನಂಗೆ ಒಪ್ಪುತ್ತೆ ಅಂತಿದ್ರಲ್ಲ ಭಾವ, ಈಗ ನಾನೇ ಹಳದಿ ಆಗ್ಬಿಟ್ಟೆ ನೋಡಿ ಎಂದು ನಕ್ಕಳು. ಆ ನಗುವಿಗೆ ಕತ್ತರಿ ಹಾಕುವ ಶಕ್ತಿ ನನಗಿರಲಿಲ್ಲ.

ಆಸ್ಪತ್ರೆಯ ಡಾಕ್ಟರಮ್ಮ ಕೇಳಿದ ಮೊದಲ ಪ್ರಶ್ನೆ, ನೀರು ಕುದಿಸಿ ಕುಡೀತಿದ್ರಾ ಎಂದು. ಅತ್ತೆಯವರು ನೆಲ ನೋಡಿದರು. ಇದು ಕೊಳಕು ನೀರಿನಿಂದ ಬರುವ ಕಾಮಾಲೆ, ಬೇರೆಯವರಿಗೆ ಬಂದರೆ ಮಲಗಿ ಎದ್ದುಬಿಡುತ್ತಾರೆ, ತಿಂಗಳು ತುಂಬುತ್ತಿರುವ ಬಸುರಿಯರಿಗೆ ಬಂದರೆ ಹೀಗೆಂದು ಹೇಳುವಂತಿಲ್ಲ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದರು. ಅದೇ ವಾರ್ಡಿನಲ್ಲಿ ಇನ್ನೂ ಇಬ್ಬರು ಬಸುರಿಯರು ಹಳದಿ ಕಣ್ಣು ಬಿಟ್ಟುಕೊಂಡು ಮಲಗಿದ್ದರು. ಒಬ್ಬಳು ಹೊಳೆಯಾಚೆಯವಳು. ಟ್ಯಾಂಕಿಗೆ ಪುಡಿ ಬೀಳುವ ತನಕ ಈ ಮಂಚಗಳು ತುಂಬುತ್ತಲೇ ಇರುತ್ತವೆ ಎಂದು ಡಾಕ್ಟರಮ್ಮ ನಗರಸಭೆಗೆ ತಿಳಿಸಿದ್ದರಂತೆ. ಊರಿನ ಭಾವನೆಗೆ ಧಕ್ಕೆ ತರಬಾರದೆಂದು ಅಲ್ಲಿಂದ ತಿರುಗಿ ಬುದ್ಧಿಮಾತು ಬಂದಿತ್ತಂತೆ.

ಮಗು ಹೊಟ್ಟೆಯಲ್ಲೇ ಸತ್ತಿತು. ಹೆಣ್ಣುಮಗು.

ಇಲ್ಲಿ ನಾನು ಏನೂ ಸೇರಿಸಿಲ್ಲ. ಸೇರಿಸಲು ಪ್ರಯತ್ನ ಮಾಡಿದೆ. ಆ ಮಾತು ಬೆಳೆಯಲಿಲ್ಲ.

ನಾದಿನಿಯ ಪ್ರಾಣ ಇನ್ನೂ ಅತ್ತಲೋ ಇತ್ತಲೋ ಎನ್ನುವಂತಿತ್ತು. ಅತ್ತೆಯವರು ಮಾತು ಬಿಟ್ಟರು. ಪ್ರಾರ್ಥನೆಗೆ ಕೂರುವುದನ್ನು ಬಿಡಲಿಲ್ಲ; ಆದರೆ ಬೆಳಿಗ್ಗೆ ನೀರು ಬಂದಾಗ ಎದ್ದು ಹಿತ್ತಲಿಗೆ ಹೋಗಿ, ನಲ್ಲಿಯ ಸದ್ದು ನಿಲ್ಲುವ ತನಕ ಅಲ್ಲೇ ನಿಂತಿರುತ್ತಿದ್ದರು. ಹೆಂಡತಿ ಅವರಿಗೆ 'ನಾನು ಹೇಳಿರಲಿಲ್ಲವೇ' ಎನ್ನಲಿಲ್ಲ. ಹೇಳಿದ್ದರೇ ಚೆನ್ನಾಗಿತ್ತೇನೋ.

ಊರಿನಲ್ಲಿ ಗುಸುಗುಸು ಎದ್ದಿತು. ಗುಸುಗುಸು ಗದ್ದಲವಾಗುವ ಮುಂಚೆ ಅಧ್ಯಕ್ಷರು ನಗರಸಭೆಯ ಸಭಾಂಗಣದಲ್ಲಿ ಸಾರ್ವಜನಿಕ ಸಭೆ ಕರೆದರು. ಅದಕ್ಕೆ ಹಿಂದಿನ ದಿನ ನಮ್ಮ ಮನೆಗೇ ಬಂದು, ಹೊಲಿಗೆ ಯಂತ್ರದ ಪಕ್ಕದ ಕುರ್ಚಿಯಲ್ಲಿ ಕುಳಿತು, ಬಹಳ ಹೊತ್ತು ದುಃಖಪಟ್ಟರು. ಆಮೇಲೆ ವಿಷಯಕ್ಕೆ ಬಂದರು. ನಾಳೆ ಸಭೆಯಲ್ಲಿ ಒಂದು ಲೋಟ ಆಶೀರ್ವಾದದ ನೀರನ್ನು ಅತ್ತೆಯವರು ಎಲ್ಲರೆದುರು ಕುಡಿಯಬೇಕು. ಪ್ರಾರ್ಥನೆಯ ಸಾಲಿನ ಹಿರಿಯಮ್ಮ, ಅದರಲ್ಲೂ ಮಗು ಕಳೆದುಕೊಂಡ ಮನೆಯ ಹಿರಿಯಮ್ಮನೇ ಕುಡಿದರೆ ಆಮೇಲೆ ಯಾರ ಬಾಯಿಯೂ ಏಳುವುದಿಲ್ಲ; ಧರ್ಮದ ಮಾನ ಉಳಿಯುತ್ತದೆ. ಅತ್ತೆಯವರು ಎಲ್ಲವನ್ನೂ ಕೇಳಿ, ಬರ್ತೀನಿ ಎಂದರು. ಅಷ್ಟೇ ಅಂದರು. ಹೆಂಡತಿ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಮ್ಮ ಕುಡಿದುಬಿಟ್ಟರೆ ಈ ಊರಿನ ನೀರಿಗೆ ಪುಡಿ ಬೀಳುವ ದಿನ ಇನ್ನಿಲ್ಲ ಎನ್ನುವುದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಮರುದಿನ ಸಭಾಂಗಣದಲ್ಲಿ ಸಾಸಿವೆ ಹಾಕಲು ಜಾಗವಿರಲಿಲ್ಲ. ವೇದಿಕೆಯ ಮೇಲೆ ಅಧ್ಯಕ್ಷರು, ಇಂಜಿನಿಯರ್ ಸಾಹೇಬರು, ಗುರುಗಳು. ಲೋಟ ಬಂತು. ಅತ್ತೆಯವರು ಅದನ್ನು ಕೈಗೆತ್ತಿಕೊಂಡರು.

ಆಗ ನಾನು ಎದ್ದೆ. ನಿಲ್ಲಿಸಿ ಎಂದು ಒಂದು ಕೂಗು ಹಾಕಿದೆ. ಕಿಟಕಿಯ ಗಾಜು ಅದುರಿ, ಮೂರನೆಯ ಬೀದಿಯಲ್ಲಿ ಮಲಗಿದ್ದ ನಾಯಿಗಳು ಎದ್ದು ನಿಂತವು. ಮೇಜಿನ ಮೇಲೆ ಹತ್ತಿ, ಸೂರ್ಯ ಮುಳುಗುವ ತನಕ ಮಾತಾಡಿದೆ. ಧರ್ಮ ಎಲ್ಲಿ ಮುಗಿಯಬೇಕು, ಸರ್ಕಾರ ಎಲ್ಲಿ ಶುರುವಾಗಬೇಕು ಎಂದು ಬೆರಳಿನಿಂದಲೇ ಗೆರೆ ಎಳೆದು ತೋರಿಸಿದೆ. ಆ ಗೆರೆ ಇಂದಿಗೂ ಸಭಾಂಗಣದ ನೆಲದ ಮೇಲಿದೆ, ಗುಡಿಸಿದರೂ ಹೋಗುವುದಿಲ್ಲ. ಅಧ್ಯಕ್ಷರ ಮುಖದ ನೀರಿಳಿಯಿತು. ಇಳಿದ ನೀರನ್ನು ಒರೆಸಲು ಜವಾನ ಎರಡು ಬಕೆಟ್ ತಂದ. ಜನ ನನ್ನನ್ನು ಹೆಗಲ ಮೇಲೆ ಹೊತ್ತು ಪಂಪ್‌ಹೌಸಿನವರೆಗೆ ಮೆರವಣಿಗೆ ಮಾಡಿದರು. ಅಲ್ಲಿ ನಾನು ನನ್ನ ಕೈಯಾರೆ...

ಇಲ್ಲಿಯವರೆಗೆ ಬರೆದು, ನಿನ್ನೆ ಸಂಜೆ ಅಡುಗೆಮನೆಯಲ್ಲಿ ಕುಳಿತು ಎಲ್ಲರಿಗೂ ಓದಿ ಹೇಳಿದೆ. ಹೆಂಡತಿ ತರಕಾರಿ ಹೆಚ್ಚುತ್ತಿದ್ದಳು. ಅತ್ತೆಯವರು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ನಾದಿನಿ ಯಾರದೋ ಅಂಗಿಗೆ ಗುಂಡಿ ಹಚ್ಚುತ್ತಿದ್ದಳು. ಅವಳು ಆಸ್ಪತ್ರೆಯಿಂದ ಬಂದು ಕೆಲವು ತಿಂಗಳಾಗಿತ್ತು, ಕಣ್ಣು ಬೆಳ್ಳಗಾಗಿತ್ತು, ನಾಲಿಗೆ ಮಾತ್ರ ಇನ್ನೂ ಹಿಂದಿನ ಚುರುಕಿಗೆ ಬಂದಿರಲಿಲ್ಲ.

"ರೀ, ಆ ಮೇಜಿಗೆ ಒಂದು ಕಾಲೇ ಇರಲಿಲ್ಲ. ಗೋಡೆಗೆ ಒರಗಿಸಿ ಇಟ್ಟಿದ್ರು. ನೀವು ಹತ್ತಿದ್ದು ಯಾವ ಮೇಜು?" ಎಂದಳು ಹೆಂಡತಿ, ಈಳಿಗೆಯಿಂದ ತಲೆಯೆತ್ತದೆ.

"ಅಳಿಯಂದ್ರು ಸಂಜೆ ತನಕ ಮಾತಾಡಿದ್ರಂತೆ," ಎಂದರು ಅತ್ತೆಯವರು ಅಕ್ಕಿಗೆ. "ನಾನು ಯಾವ ಸಭೆಗೆ ಹೋಗಿದ್ನೋ ಏನೋ."

ನಾನು ಟ್ಯಾಂಕು ಹೊತ್ತ ಹೆಗಲು ಮುಟ್ಟಿಕೊಂಡೆ. ಕಥೆ ಅಂದ ಮೇಲೆ ಸ್ವಲ್ಪ ಹಿಗ್ಗಿಸಬೇಕಾಗುತ್ತದೆ, ಇಲ್ಲದಿದ್ದರೆ ಓದುಗರ ಮೈಗೆ ಹತ್ತುವುದಿಲ್ಲ ಎಂದೆಲ್ಲ ಹೇಳುತ್ತಿದ್ದೆ. ನಾದಿನಿ ದಾರ ಕಡಿದು, ಅಂಗಿಯನ್ನು ಮಡಿಲಲ್ಲಿಟ್ಟಳು.

"ಭಾವ, ಅವತ್ತು ನಾನು ಅಲ್ಲಿರಲಿಲ್ಲ. ಆಸ್ಪತ್ರೆಯಲ್ಲಿದ್ದೆ. ಏನಾಯ್ತು ಅಂತ ನಂಗೆ ಯಾರೂ ಸರಿಯಾಗಿ ಹೇಳಿಲ್ಲ. ಅಮ್ಮ ಹೇಳಲ್ಲ, ಅಕ್ಕ ಅಳ್ತಾಳೆ. ಊರಿಗೆ ನೀವು ಹೇಗೆ ಬೇಕಾದ್ರೂ ಹೇಳ್ಕೊಳ್ಳಿ. ಹೋಗಿದ್ದು ನನ್ನ ಮಗು. ನಂಗೆ ನಡೆದದ್ದು ಬೇಕು."

ಹಾಗಾಗಿ ನಡೆದದ್ದನ್ನು ಬರೆಯುತ್ತಿದ್ದೇನೆ.

ನಾನು ಎದ್ದೆ ಎಂದು ಬರೆದೆನಲ್ಲ, ನಾನು ಕುಳಿತೇ ಇರಲಿಲ್ಲ. ಅಂದು ಜವಾನ ರಜೆಯಲ್ಲಿದ್ದ. ಲೋಟವನ್ನು ವೇದಿಕೆಗೆ ತರಲು ಯಾರಾದರೂ ಬೇಕಿತ್ತು. ಇಂಜಿನಿಯರ್ ಸಾಹೇಬರು ನನಗೆ ಸನ್ನೆ ಮಾಡಿದರು. ಸಭಾಂಗಣದ ಹಿಂದಿನ ನಲ್ಲಿಯಿಂದ ಆ ನೀರನ್ನು ಹಿಡಿದವನು ನಾನು. ಲೋಟವನ್ನು ತಟ್ಟೆಯ ಮೇಲಿಟ್ಟು, ಎರಡು ಕೈಯಲ್ಲಿ ಹಿಡಿದು, ಅತ್ತೆಯವರ ಮುಂದೆ ತಂದು ನಿಂತವನೂ ನಾನೇ. ದಾರಿಯುದ್ದಕ್ಕೂ ಏನಾದರೂ ಹೇಳಬೇಕೆಂದುಕೊಂಡೆ. ಕಾಲಿಗೆ ಕಾಲು ಕೊಟ್ಟುಕೊಂಡು ಬೀಳೋಣವೇ ಎಂದುಕೊಂಡೆ. ಬೀಳಲಿಲ್ಲ. ತಟ್ಟೆಯಲ್ಲಿ ಒಂದು ಹನಿಯೂ ಚೆಲ್ಲಲಿಲ್ಲ.

ಅತ್ತೆಯವರು ಲೋಟ ಎತ್ತಿಕೊಂಡರು. ಅಧ್ಯಕ್ಷರು ಮೈಕನ್ನು ಅವರ ಹತ್ತಿರಕ್ಕೆ ತಿರುಗಿಸಿ, ಎರಡು ಒಳ್ಳೆಯ ಮಾತು ಹೇಳಿ ಕುಡಿಯಿರಿ ತಾಯಿ ಎಂದರು. ಅತ್ತೆಯವರು ಅಧ್ಯಕ್ಷರನ್ನು ನೋಡಲಿಲ್ಲ, ಗುರುಗಳನ್ನು ನೋಡಲಿಲ್ಲ. ನನ್ನನ್ನು ನೋಡಿದರು.

"ಅಳಿಯಂದ್ರೇ, ಇದಕ್ಕೆ ಪುಡಿ ಹಾಕಿದ್ದೀರಾ?"

ಇಂಜಿನಿಯರ್ ಸಾಹೇಬರು ಕೆಮ್ಮಿದರು. ಆ ಕೆಮ್ಮಿನಲ್ಲಿ ನನ್ನ ನೌಕರಿಯಿತ್ತು. ನನ್ನ ಬಾಯಿಗೆ ಒಗ್ಗಿದ ಉತ್ತರಗಳು ನೂರಿದ್ದವು. ಹಾಕಿದ್ದೇವೆ ಎನ್ನಬಹುದಿತ್ತು. ಮೇಲಿನವರನ್ನು ಕೇಳಿ ಎನ್ನಬಹುದಿತ್ತು. ಯಾವ ಪುಡಿ ಎಂದು ತಮಾಷೆ ಮಾಡಬಹುದಿತ್ತು. ನನ್ನಿಂದ ಜನ ಅದನ್ನೇ ನಿರೀಕ್ಷಿಸುತ್ತಾರೆ.

"ಇಲ್ಲ," ಎಂದೆ.

ಅತ್ತೆಯವರು ಲೋಟವನ್ನು ತಿರುಗಿ ತಟ್ಟೆಯ ಮೇಲಿಟ್ಟರು. ಆಮೇಲೆ ಮೈಕಿನ ಮುಂದೆ ಮಾತಾಡಿದರು. ಅಡುಗೆಮನೆಯಲ್ಲಿ ಮಾತಾಡುವ ದನಿಯಲ್ಲೇ ಮಾತಾಡಿದರು.

"ಈ ನೀರು ನಾನು ಕುಡಿಯಲ್ಲ. ಇದನ್ನೇ ನನ್ನ ಕೈಯಾರೆ ಮಗಳಿಗೆ ಕುಡಿಸಿದೀನಿ, ಸಾಕು. ನಾನು ದೇವರನ್ನ ನಂಬ್ತೀನಿ, ನಂಬ್ಕೊಂಡೇ ಸಾಯ್ತೀನಿ, ಅದರಲ್ಲಿ ಯಾರೂ ನಂಗೆ ಪಾಠ ಹೇಳ್ಬೇಕಾಗಿಲ್ಲ. ಆದ್ರೆ ನಮ್ಮನೇಲಿ ಮಗು ಹೋಯ್ತು. ಯಾರನ್ನ ಕೇಳ್ಲಿ ನಾನು? ನೀರು ಬಿಡೋರನ್ನ ಕೇಳಿದ್ರೆ ಗುರುಗಳನ್ನ ತೋರಿಸ್ತಾರೆ. ಗುರುಗಳನ್ನ ಕೇಳೋಕೆ ನನ್ನ ನಾಲಿಗೆ ಏಳಲ್ಲ. ನೀವು ಅದಕ್ಕೇ ಅಲ್ವಾ ಅವರನ್ನ ಅಲ್ಲಿ ಕೂರಿಸಿದ್ದು? ನನ್ನ ಗುರುಗಳನ್ನ ನಂಗೆ ವಾಪಸ್ ಕೊಟ್ಬಿಡಿ. ನೀರಿಗೆ ಯಾರನ್ನಾದ್ರೂ ಹಾಕಿ. ಯಾವ ದೇವರಿಗಾದ್ರೂ ನಡೆದುಕೊಳ್ಳಲಿ, ನಡೆದುಕೊಳ್ಳದೇ ಇರ್ಲಿ. ತಪ್ಪು ಮಾಡಿದ್ರೆ ನಾವು ಬಾಯಿ ತುಂಬ ಬೈಯೋ ಹಾಗಿರ್ಬೇಕು, ಅಷ್ಟೇ."

ಅಧ್ಯಕ್ಷರು ತಾಯಿಗೆ ದುಃಖದಲ್ಲಿ ಮಾತು ತಪ್ಪುತ್ತಿದೆ ಎಂದು ಏನೋ ಹೇಳಲು ಹೊರಟರು. ಅಷ್ಟರಲ್ಲಿ ಗುರುಗಳು ಕುರ್ಚಿಯ ಕೈ ಹಿಡಿದು ಎದ್ದರು. ಏದುಸಿರು ಬಿಡುತ್ತ ಕೊರಳಿನ ಗುರುತಿನ ಚೀಟಿಯನ್ನು ತಲೆಯ ಮೇಲಿನಿಂದ ತೆಗೆದರು. ಅದರ ದಾರ ಕಿವಿಗೆ ಸಿಕ್ಕಿಕೊಂಡಿತು, ಅತ್ತೆಯವರೇ ಬಿಡಿಸಿಕೊಟ್ಟರು. ಅದನ್ನು ನಾನು ಹಿಡಿದಿದ್ದ ತಟ್ಟೆಯಲ್ಲಿ, ಲೋಟದ ಪಕ್ಕ ಇಟ್ಟು, ಗುರುಗಳು ಮೆಟ್ಟಿಲಿಳಿದು ಜನರ ನಡುವೆ ಹೋಗಿ ಕುಳಿತರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಹೊಳೆಯಾಚೆಯ ಸೈಕಲ್ ಅಂಗಡಿಯವರು ಸರಿದು ಜಾಗ ಕೊಟ್ಟದ್ದನ್ನು ನೋಡಿದೆ.

ಮೆರವಣಿಗೆ ನಡೆಯಲಿಲ್ಲ. ಮರುದಿನ ಗೋದಾಮಿನ ಬೀಗ ತೆಗೆದು ಪಂಪ್‌ಹೌಸಿನ ನಾವು ಮೂವರು ನೌಕರರು ಪುಡಿಯ ಚೀಲ ಹೊರಗೆ ತಂದೆವು. ತೇವ ಹಿಡಿದು ಗಟ್ಟಿಯಾಗಿದ್ದವು. ಹೊಸ ಚೀಲ ಬರಲು ಇನ್ನೂ ಕೆಲವು ದಿನ ಹಿಡಿಯಿತು. ಆ ದಿನಗಳಲ್ಲಿ ಅತ್ತೆಯವರು ಪ್ರಾರ್ಥನೆ ಮುಗಿಸಿಕೊಂಡು ಮನೆಮನೆಗೆ ಹೋಗಿ ನೀರು ಕುದಿಸಿ ಕುಡಿಯಿರಿ ಎಂದು ಹೇಳಿ ಬಂದರು. ಹೊಳೆಯಾಚೆಗೂ ಹೋದರು. ಆ ವಾರ್ಡಿನ ಇನ್ನಿಬ್ಬರಲ್ಲಿ ಒಬ್ಬಳು ಉಳಿಯಲಿಲ್ಲ.

ಇಷ್ಟನ್ನೂ ಈಗ ಓದಿ ಹೇಳಿದೆ. ಹೆಂಡತಿ ಒಲೆಯ ಕಡೆ ತಿರುಗಿದ್ದಳು. ನಾದಿನಿ ಕೈಯಲ್ಲಿದ್ದ ಅಂಗಿಯನ್ನು ಮಡಿಸಿಟ್ಟಳು. ಆಮೇಲೆ, ನೀವು ಇಲ್ಲ ಅಂದಾಗ ಜೋರಾಗಿ ಅಂದ್ರಾ ಭಾವ ಎಂದು ಕೇಳಿದಳು. ಜೋರಾಗಿಯೇ ಎನ್ನಲು ಬಾಯಿ ತೆರೆದೆ. ಅತ್ತೆಯವರು ಮೊರದಿಂದ ತಲೆಯೆತ್ತಿದರು.

ಮೆತ್ತಗೆ ಅಂದೆ ಎಂದು ಒಪ್ಪಿಕೊಂಡೆ. ಮೈಕಿಗೂ ಕೇಳಿಸಲಿಲ್ಲ. ಹಿಂದಿನ ಸಾಲಿನವರು, ಏನಂದ, ಏನಂದ ಎಂದು ಮುಂದಿನವರನ್ನು ಕೇಳಬೇಕಾಯಿತು. ಅದನ್ನೂ ಬರೀರಿ ಎಂದಳು ನಾದಿನಿ. ಬರೆದಿದ್ದೇನೆ.